ಎಷ್ಟು ದಿನ ಕಾದು ನೋಡಬೇಕು?

ಕೆಸರೆಯ ಮನೆಯೊಂದರ ಕಾಂಪೌಂಡಿಗೆ ಹಬ್ಬಿದ ಅಮೃತಬಳ್ಳಿಯಿಂದ ಹೃದಯದಾಕಾರದ ಎಲೆ ಕೀಳುತ್ತಲೇ ಪಂಡಿತರು ಮಾತು ತೆಗೆದರು.

“ಕೊರೊನಾ ಕಾಲದಲ್ಲಿ ಎಷ್ಟು ಮನೆಯವರು ಇದರ ಕಷಾಯ ಕುಡಿದರು! ತಲೆತಲಾಂತರದಿಂದ ಬಂದ ಮದ್ದು. ಇದಕ್ಕೆ ಇನ್ನೆಂಥ ಪರೀಕ್ಷೆ?”

“ಕುಡಿದ ಸಂಜೆಯೇ ವಾಂತಿಯಾದರೆ ಊರು ಆ ಗಿಡವನ್ನು ಬಿಟ್ಟುಬಿಡುತ್ತದೆ,” ಎಂದರು ಔಷಧಶಾಸ್ತ್ರ ಕಲಿಸುವ ಪಕ್ಕದ ಮನೆಯಾಕೆ. “ವರ್ಷಗಳಾದ ಮೇಲೆ ಮೂತ್ರಪಿಂಡ ಕೆಟ್ಟರೆ ಸೊಪ್ಪನ್ನು ಯಾರು ನೆನೆಸಿಕೊಳ್ಳುತ್ತಾರೆ? ಈಶ್ವರಿ ಬಳ್ಳಿಯನ್ನೇ ನೋಡಿ. ಹಾವು ಕಡಿತಕ್ಕೆಂದು ನಾಟಿ ವೈದ್ಯರು ಬಳಸುತ್ತ ಬಂದದ್ದು. ಅದೇ ಕುಲದ ಚೀನೀ ಗಿಡವೊಂದು ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗೆ ಸೇರಿಕೊಂಡಿತು. ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಹಾಳಾಯಿತು. 1993ರಲ್ಲಿ ಬ್ರಸೆಲ್ಸ್ ವೈದ್ಯರು ಬರೆಯುವವರೆಗೆ ಆ ಕುಲದ ಈ ಗುಣ ವೈದ್ಯಲೋಕಕ್ಕೆ ಸರಿಯಾಗಿ ಗೊತ್ತಿರಲಿಲ್ಲ.”

“ಅಮೃತಬಳ್ಳಿ ಅದಲ್ಲವಲ್ಲ.”

“ಅಲ್ಲ. ಆದರೂ ಇದನ್ನು ಸೇವಿಸಿದ್ದ ಆರು ಮಂದಿಗೆ 2020ರ ಕೊನೆಯ ತಿಂಗಳುಗಳಲ್ಲಿ ಯಕೃತ್ತಿನ ಉರಿಯೂತವಾದದ್ದನ್ನು ಮುಂಬೈ ವೈದ್ಯರು ವರದಿ ಮಾಡಿದರು.”

ಪಂಡಿತರು ಬಳ್ಳಿಯ ಕಾಂಡವನ್ನು ಬೆರಳಿನಿಂದ ಸವರಿದರು. “ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಇದರ ದಾಯಾದಿ ಒಂದಿದೆ, ಅದರ ಕಾಂಡದ ತುಂಬ ಗಂಟುಗಂಟು. ಅದನ್ನೇ ಇದೆಂದು ಕುಡಿದಿರಬಹುದು.”

“ಹಾಗಿದ್ದರೆ ಗಿಡ ಯಾವುದೆಂದು ಖಚಿತಪಡಿಸುವುದೇ ಮೊದಲ ಪರೀಕ್ಷೆ. ಒಪ್ಪುತ್ತೀರಾ?”

“ಒಪ್ಪಿದೆ,” ಎಂದುಬಿಟ್ಟರು. ಇಷ್ಟು ಬೇಗ ಸೋಲಬೇಕಿರಲಿಲ್ಲ. ಮುಂಬೈ ವರದಿಯ ಕುರಿತ ವಾದ ಇನ್ನೂ ಇತ್ಯರ್ಥವಾಗಿರಲಿಲ್ಲ. ಆದರೆ ಅವರ ಮನಸ್ಸು ಆಗಲೇ ಬೇರೆ ಕಡೆ ಹರಿದಿತ್ತು. “ಮದ್ದು ವಿಷವೇ ಎಂದು ನೋಡಲು ಇಲಿಗಳನ್ನು ಕೊಲ್ಲಬೇಕೆ? ಅವುಗಳ ನೋವಿಗೆ ಲೆಕ್ಕವಿಲ್ಲವೆ?”

“ಲೆಕ್ಕವಿದೆ. ಅದಕ್ಕೇ ನೀತಿ ಸಮಿತಿಯ ಒಪ್ಪಿಗೆ ಬೇಕು, ಒಂದು ಹಂತಕ್ಕೆ ಮೂರೇ ಇಲಿ ಸಾಕೆನ್ನುವ ವಿಧಾನವೂ ಇದೆ. ನನಗೆ ಕೋಪ ಬರುವುದು ಆ ಪರೀಕ್ಷೆಯನ್ನು ನಾವು ಓದುವ ರೀತಿಗೆ. ಎಲೆಯ ಸಾರವನ್ನು ಕಿಲೋ ತೂಕಕ್ಕೆ 2000 ಮಿಲಿಗ್ರಾಂನಂತೆ ಒಂದೇ ಸಲ ಕುಡಿಸಿ 14 ದಿನ ನೋಡುತ್ತಾರೆ. ಇಲಿ ಸಾಯದಿದ್ದರೆ ಪ್ರಬಂಧದ ಕೊನೆಯಲ್ಲಿ ‘ಸುರಕ್ಷಿತ’ ಎಂದು ಬರೆದುಬಿಡುತ್ತಾರೆ! ನಿಮ್ಮ ಊರಿನ ನೆನಪಿಗಿರುವ ಕುರುಡೇ ಈ ಹದಿನಾಲ್ಕು ದಿನಕ್ಕೂ ಇದೆ. ದಿನವೂ ಕೊಟ್ಟು 90 ದಿನ ನೋಡುವ ಪರೀಕ್ಷೆಯಿದೆ, ಅದಕ್ಕೆ ದುಡ್ಡು ಬೇಕು, ತಾಳ್ಮೆ ಬೇಕು. ಅದಾದರೂ ಆರೋಗ್ಯವಂತ ಇಲಿಯ ಮೇಲೆ. ಮುಂಬೈ ರೋಗಿಗಳಲ್ಲಿ ಕಂಡದ್ದು ದೇಹದ ರಕ್ಷಣಾ ವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬಿದ್ದಂಥ ಲಕ್ಷಣ. ಅದನ್ನು ಆ ಇಲಿ ತೋರಿಸಲಾರದು. ಕಷಾಯ ಬೇರೆ, ದ್ರಾವಕದಲ್ಲಿ ಇಳಿಸಿ ಗಟ್ಟಿ ಮಾಡಿದ ಸಾರ ಬೇರೆ. ಒಂದಕ್ಕೆ ಸಿಕ್ಕ ಹೆಸರನ್ನು ಇನ್ನೊಂದಕ್ಕೆ ಅಂಟಿಸುವುದು ತಪ್ಪು.”

ಪಂಡಿತರು ಕಿತ್ತ ಎಲೆಗಳನ್ನು ಚೀಲಕ್ಕೆ ಹಾಕಲಿಲ್ಲ.

“ಥೈರಾಯ್ಡ್ ತೊಂದರೆಯಿರುವ ಹೆಂಗಸೊಬ್ಬಳು ನನ್ನಲ್ಲಿಗೆ ಬರುತ್ತಾಳೆ. ನಾಲ್ಕು ತಿಂಗಳಿಂದ ಇದನ್ನೇ ಕುಡಿಯುತ್ತಿದ್ದಾಳೆ.”

“ಸದ್ಯ ನಿಲ್ಲಿಸಿ. ಯಕೃತ್ತಿನ ರಕ್ತಪರೀಕ್ಷೆ ಮಾಡಿಸಲಿ.”

“ಅದರಲ್ಲಿ ಎಲ್ಲ ಸರಿಯಿದ್ದರೆ, ಮತ್ತೆ ಕೊಡಲೆ?”