ಪ್ರತಿ ಬರೆದ ಕೈಗಳು

ಗುಣವಂತರನ್ನು ಕಂಡು ಹರ್ಷಿಸುವುದೇ ಪ್ರಮೋದ ಭಾವನೆ. ಮೈತ್ರಿ, ಕಾರುಣ್ಯ, ಮಾಧ್ಯಸ್ಥ್ಯಗಳೊಡನೆ ಅದನ್ನೂ ಶ್ರಾವಕನು ನಿತ್ಯ ಚಿಂತಿಸಬೇಕೆಂಬುದು ಪೂರ್ವಾಚಾರ್ಯರ ಉಪದೇಶ. ಹಾಗಾದರೆ ಒಬ್ಬರ ಗುಣವು ಯಾರ ಕಣ್ಣಿಗೂ ಬೀಳದೆ ಹೋದಾಗ ನಷ್ಟವಾಗುವುದು ಯಾರಿಗೆ?

ಆರ್.ಟಿ. ನಗರದ ನಮ್ಮ ಮನೆಯ ಕಪಾಟಿನಲ್ಲಿ ಷಟ್‌ಖಂಡಾಗಮದ ಧವಲಾ ಟೀಕೆಯ ಸಂಪುಟಗಳಿವೆ. ಶ್ರುತಪಂಚಮಿಯಂದು ಅವನ್ನು ಹೊರತೆಗೆದು, ಧೂಳು ಒರೆಸಿ, ಅರ್ಘ್ಯವನ್ನರ್ಪಿಸಿ ಮತ್ತೆ ಒಳಗಿಡುತ್ತೇವೆ. ಓದುವುದು ಅಪರೂಪವೆಂದು ಒಪ್ಪಿಕೊಳ್ಳುವುದೇ ಲೇಸು. ಒಮ್ಮೆ ಮೊಮ್ಮಗಳು, "ಅಜ್ಜಾ, ಇದನ್ನು ಬರೆದವರು ಯಾರು?" ಎಂದಳು. ವೀರಸೇನಾಚಾರ್ಯರೆಂದು ಉತ್ತರಿಸಿದೆ. ಉತ್ತರ ಸರಿ, ಆದರೆ ಪೂರ್ಣವಲ್ಲ.

ಹಳಗನ್ನಡ ಲಿಪಿಯ ಆ ತಾಡವೋಲೆಗಳು ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕಷ್ಟೇ ದೊರೆಯುತ್ತಿದ್ದವು. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಆ ಪ್ರತಿಯೂ ಅಲ್ಲಿಯೇ ಉಳಿಯತಕ್ಕದ್ದು. ಲಿಪಿಕಾರರಲ್ಲೊಬ್ಬರಾದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಮತ್ತೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದರಲ್ಲಿ ಮುಖ್ಯ ನೆರವು ಅವರ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರದು. ಆ ಪ್ರತಿ ಸಹಾರನಪುರವನ್ನು ಸೇರಿತು. ಅಲ್ಲಿಂದ ನಾಗರಿಗೆ ಇಳಿಯಿತು. ಅದರ ಸಂತತಿಯ ಪ್ರತಿಗಳಿಂದ 1939ರಲ್ಲಿ ಪ್ರೊ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಲಕ್ಷ್ಮೀಬಾಯಿಯವರ ಹೆಸರು ಪ್ರತಿಗಳ ವೃತ್ತಾಂತದಲ್ಲಿ ಒಮ್ಮೆ ಬಂದು ಮರೆಯಾಗುತ್ತದೆ.

ಮನ್ನಣೆಯ ಬಯಕೆ ಮಾನಕಷಾಯವೆಂದೂ ಸ್ವಾಧ್ಯಾಯದ ಫಲಕ್ಕೆ ಪರರ ಹೊಗಳಿಕೆ ಬೇಕಿಲ್ಲವೆಂದೂ ಹೇಳುವುದುಂಟು. ನಿಜವೇ. ಆದರೆ ಅದು ಮಾಡಿದವರು ತಮಗೆ ಹೇಳಿಕೊಳ್ಳಬೇಕಾದ ಮಾತು. ಪಡೆದುಕೊಂಡ ನಾವು ಅವರ ಪರವಾಗಿ ಹೇಳತಕ್ಕದ್ದಲ್ಲ. ಅವರ ನಿಃಸ್ಪೃಹತೆಯನ್ನು ನಮ್ಮ ಮರೆವಿಗೆ ಹೊದಿಕೆಯಾಗಿಸುವುದು ಸುಲಭ; ನಮ್ಮ ಬಸದಿಗಳ ದಾನಿಗಳ ಫಲಕಗಳನ್ನು ನೋಡಿದರೆ, ಆ ಉಪದೇಶವನ್ನು ಎಲ್ಲರಿಗೂ ಸಮನಾಗಿ ಅನ್ವಯಿಸಿದಂತೆ ತೋರುವುದಿಲ್ಲ.

ಗಹನವಾದ ಆಕ್ಷೇಪ ಬೇರೊಂದಿದೆ. ಕೊಡದುದನ್ನು ಗುಟ್ಟಾಗಿ ಪಡೆಯುವುದು ಅದತ್ತಾದಾನವಲ್ಲವೆ? ಅಚೌರ್ಯಾಣುವ್ರತಕ್ಕೆ ಅದು ಭಂಗವೇ. ಓಲೆಗಳನ್ನು ಅಷ್ಟು ಕಾಲ ಕಾಪಾಡಿದವರ ಭಯವೂ ಅಕಾರಣವಾಗಿರಲಿಲ್ಲ. ಗ್ರಂಥ ಪ್ರಕಟವಾದ ಮೇಲೆ ಮೂಡುಬಿದಿರೆಯವರೇ ಪಾಠಾಂತರಗಳ ಪರಿಶೀಲನೆಗೆ ಮೂಲ ಓಲೆಗಳನ್ನು ತೆರೆದುಕೊಟ್ಟರು. ದೋಷವಿತ್ತೆಂದು ಶ್ರಮವನ್ನು ಹೇಳದಿದ್ದರೆ ಎರಡೂ ಒಟ್ಟಿಗೆ ಮುಚ್ಚಿಹೋಗುತ್ತವೆ. ನಾವು ಮಾತ್ರ ಆ ಶ್ರಮದ ಫಲಕ್ಕೆ ವರ್ಷವರ್ಷವೂ ಅರ್ಘ್ಯವೆತ್ತುತ್ತಿರುತ್ತೇವೆ. ಮೊಮ್ಮಗಳಿಗೆ ಉಳಿದರ್ಧ ಉತ್ತರವನ್ನು, ಆ ಗುಟ್ಟನ್ನೂ ಸೇರಿಸಿ, ಇನ್ನೂ ಹೇಳಬೇಕಾಗಿದೆ.