ಒಳಗೆ ಯಾರಿದ್ದಾರೆ?

2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ಬಳಿ ಒಂದು ವಿಮಾನ ಬಿತ್ತು. ಚಳ್ಳಕೆರೆಯ ವರವು ಕಾವಲಿನಲ್ಲಿರುವ ಡಿಆರ್‌ಡಿಒ ಪರೀಕ್ಷಾ ನೆಲೆಯಿಂದ ಹಾರಿದ್ದ ರುಸ್ತುಂ-2 ಅದು. ಸುತ್ತಲಿನ ಜನ ಓಡಿಬಂದು ನೆರೆದರು. ವಿಮಾನ ಬಿದ್ದದ್ದನ್ನು ಕಂಡು ಓಡುವವನ ತಲೆಯಲ್ಲಿ ಇನ್ನೇನು ತಾನೇ ಇದ್ದೀತು? ಒಳಗೆ ಯಾರಿದ್ದಾರೆ, ಬದುಕಿದ್ದಾರಾ? ಯಾರೂ ಇರಲಿಲ್ಲ. ನೆಲದ ಮೇಲೆ ಕೂತವರು ನಡೆಸುವ, ಪೈಲಟ್ ಇಲ್ಲದ ವಿಮಾನ. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲಕ್ಕೆ ಅದೇ ಜಾತಿಯ ಇನ್ನೊಂದು ಬಿತ್ತು, ತಪಸ್ ಎಂಬ ಹೆಸರಿನದು. ಆಗಲೂ ಯಾರಿಗೂ ಪೆಟ್ಟಾಗಲಿಲ್ಲ.

ಬಿದ್ದ ವಿಮಾನದ ವಿಷಯ ಎಂಜಿನಿಯರುಗಳಿಗೆ ಬಿಟ್ಟದ್ದು. ನನ್ನನ್ನು ಕಾಡಿದ್ದು ಓಡಿದ ಜನ. ಉಳಿಸಬೇಕಾದವರೇ ಇಲ್ಲದ ಅಪಘಾತ ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಎಲ್ಲಿತ್ತು? ಗಾಡಿ ಮಗುಚಿದರೆ ಗಾಡಿ ಹೊಡೆಯುವವನು ಇರುತ್ತಿದ್ದ, ಬಾವಿ ಕುಸಿದರೆ ಕೆಳಗೆ ಯಾರೋ ಇರುತ್ತಿದ್ದರು. ಸದ್ದು ಕೇಳಿದ ಕಡೆ ಓಡುವುದನ್ನು ಕಾಲು ಎಷ್ಟು ತಲೆಮಾರಿನಿಂದ ಕಲಿತಿದೆಯೋ! ಯಂತ್ರ ಬದಲಾಯಿತು, ಕಾಲಿಗೆ ಅದು ತಿಳಿದಿಲ್ಲ.

ವರವು ಕಾವಲು ಈಗ ಗೋಡೆಯೊಳಗಿನ ಜಾಗ. ಮೈಸೂರು ಅರಸರ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟನಲ್ಲ, ಆ ದನಗಳಿಗೆಂದು ಕಾದಿಟ್ಟ ಹುಲ್ಲುಗಾವಲುಗಳಲ್ಲಿ ಇದೂ ಒಂದು. ಆಮೇಲೆ ಸುತ್ತಲ ಹಳ್ಳಿಗಳ ಕುರಿ ಮೇಕೆ ಮೇದ ನೆಲ. ಇದರ 4,290 ಎಕರೆ ಡಿಆರ್‌ಡಿಒ ಪಾಲಾಯಿತು. 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ನೆಲೆಯನ್ನು ಉದ್ಘಾಟಿಸಿದರು. ಹುಲ್ಲು ಕಳೆದುಕೊಂಡವರ ಸಿಟ್ಟು, ಹಸಿರು ನ್ಯಾಯಮಂಡಳಿಯವರೆಗೆ ಹೋದ ವ್ಯಾಜ್ಯ, ಅದೊಂದು ಬೇರೆಯೇ ಬರಹ. ಇಲ್ಲಿ ಎತ್ತುತ್ತಿಲ್ಲ, ಮರೆತೂ ಇಲ್ಲ.

ಆ ಗೋಡೆಯೊಳಗೆ ಬೆರಗುಗೊಳ್ಳುವಂಥದ್ದು ನಡೆದಿರುವುದೂ ನಿಜ. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೊದ ರೆಕ್ಕೆಯುಳ್ಳ ಮರುಬಳಕೆ ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೊತ್ತೊಯ್ದು ಕೈಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು. 2024ರ ಜೂನ್ 23ರ ಮೂರನೆಯ ಪ್ರಯೋಗದಲ್ಲಿ ಅದು ಗಂಟೆಗೆ 320 ಕಿಲೋಮೀಟರ್‌ಗೂ ಹೆಚ್ಚಿನ ವೇಗದಲ್ಲಿ ನೆಲ ಮುಟ್ಟಿತು. ಒಳಗೆ ಯಾರೂ ಇಲ್ಲ.

ವಿಮಾನ ಇಳಿಯುವ ಕಡೆ ಬೆಂಕಿ ಆರಿಸುವ ಬಂಡಿ ಸಿದ್ಧ ನಿಂತಿರಬೇಕು ಎಂಬುದು ಜಗತ್ತಿನ ರೂಢಿ. ನಾಗರಿಕ ವಿಮಾನ ನಿಲ್ದಾಣಗಳಿಗೆ ಅಂತರರಾಷ್ಟ್ರೀಯ ನಿಯಮವೇ ಇದೆ. ರನ್‌ವೇಯ ಯಾವ ತುದಿಗಾದರೂ ಎರಡು ನಿಮಿಷದಲ್ಲಿ ತಲುಪುವ ಗುರಿ ಇಟ್ಟುಕೊಳ್ಳಬೇಕು, ಮೂರು ನಿಮಿಷ ಮೀರಕೂಡದು. ವರ್ಷಗಟ್ಟಲೆ ಏನೂ ಆಗದಿದ್ದರೂ ಬಂಡಿಯವರು ಪ್ರತಿ ಹಾರಾಟಕ್ಕೂ ಬೂಟು ತೊಟ್ಟು ನಿಲ್ಲಬೇಕು. ಏನೂ ಆಗದ ದಿನವೇ ಅವರಿಗೆ ಒಳ್ಳೆಯ ದಿನ. ಇಂಥ ಕೆಲಸ ಇನ್ನೆಷ್ಟಿವೆ ಹೇಳಿ.

ಗೋಡೆಯಾಚೆ, ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ, ಹೀಗೆ ಕಾಯುವವರು ಎರಡು ಬಗೆ. ಅಗ್ನಿಶಾಮಕ ಠಾಣೆಯವರು ಒಂದು ಕಡೆ, 108 ಆಂಬುಲೆನ್ಸಿನವರು ಇನ್ನೊಂದು ಕಡೆ. ಬೇಸಿಗೆಯಲ್ಲಿ ಶೇಂಗಾ ಬಳ್ಳಿಯ ಬಣವೆಗೆ ಬೆಂಕಿ ಬಿದ್ದರೆ, ದನ ಬಾವಿಗೆ ಬಿದ್ದರೆ, ಲಾರಿಯ ಕ್ಯಾಬಿನ್ ನುಜ್ಜಾಗಿ ಚಾಲಕ ಸಿಕ್ಕಿಕೊಂಡರೆ ಠಾಣೆಯವರು ಬರುತ್ತಾರೆ. ತಗಡು ಕತ್ತರಿಸಿ ಹೊರಗೆಳೆಯುವುದು ಅವರ ಕೆಲಸ. ಹೊರಗೆ ಬಂದವನ ಉಸಿರು, ರಕ್ತ, ಮುರಿದ ಮೂಳೆ 108ರವರದು. 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಶುರುವಾದ ಸೇವೆ. ಬಂಡಿಯಲ್ಲಿ ಒಬ್ಬ ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞ, ಮತ್ತೊಬ್ಬ ಪೈಲಟ್. ಹೌದು, 108ರಲ್ಲಿ ಚಾಲಕನನ್ನು ಕರೆಯುವುದೇ ಹಾಗೆ.

ಅಮೆರಿಕದ ಬಹಳಷ್ಟು ಊರುಗಳಲ್ಲಿ ಈ ಇಬ್ಬರೂ ಒಬ್ಬರೇ. ಅಲ್ಲಿನ ಅಗ್ನಿಶಾಮಕ ದಳಕ್ಕೆ ಬರುವ ಕರೆಗಳಲ್ಲಿ ಅರ್ಧಕ್ಕೂ ಹೆಚ್ಚು ಬೆಂಕಿಯವಲ್ಲ, ಎದೆನೋವು, ಬಿದ್ದ ಮುದುಕರು, ಉಸಿರುಕಟ್ಟಿದ ಮಕ್ಕಳು. ಇದರ ಹಿಂದೆ ಬಾಲ್ಟಿಮೋರ್ ನಗರದ ಒಂದು ಕಥೆ ಇದೆ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೌವೆನ್‌ಹೋವನ್ ಎಂಬ ವಿದ್ಯುತ್ ಎಂಜಿನಿಯರ್ ಹೃದಯಕ್ಕೆ ಕರೆಂಟು ಕೊಟ್ಟು ಅದರ ಬಡಿತವನ್ನು ಸರಿಪಡಿಸುವ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ಅವರ ಜೊತೆಗಿದ್ದ ಯುವಕ ನಿಕರ್‌ಬಾಕರ್, ಪ್ರಯೋಗದ ನಾಯಿಯ ಎದೆಗೆ ಭಾರದ ಪ್ಯಾಡಲ್‌ಗಳನ್ನು ಒತ್ತಿದಾಗ, ಕರೆಂಟು ಹರಿಸುವ ಮೊದಲೇ ರಕ್ತದೊತ್ತಡ ಚೂರು ಏರಿದ್ದನ್ನು ಗಮನಿಸಿದ. ಒತ್ತಿದ್ದಕ್ಕೇ ಏರಿತು! ಶಸ್ತ್ರವೈದ್ಯ ಜೂಡ್ ಜೊತೆಗೂಡಿದರು. 1960ರಲ್ಲಿ ಮೂವರೂ ಸೇರಿ ಬರೆದ ಲೇಖನದ ತಾತ್ಪರ್ಯ ಇಷ್ಟು: ನಿಂತ ಹೃದಯಕ್ಕೆ ಎದೆ ಸೀಳಬೇಕಿಲ್ಲ, ಎರಡು ಕೈ ಸಾಕು. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಅದೇ ಊರಿನಲ್ಲಿ ಪೀಟರ್ ಸಫಾರ್ ಪರೀಕ್ಷಿಸಿದಾಗ ಅವರ ಬೆನ್ನಿಗೆ ನಿಂತದ್ದು ಬಾಲ್ಟಿಮೋರ್ ಅಗ್ನಿಶಾಮಕ ದಳದ ಆಂಬುಲೆನ್ಸಿನವರು. 1970ರ ಹೊತ್ತಿಗೆ ಸಿಯಾಟಲ್‌ನ ಹೃದಯತಜ್ಞ ಲಿಯೊನಾರ್ಡ್ ಕಾಬ್, ದಳದ ಮುಖ್ಯಸ್ಥ ಗಾರ್ಡನ್ ವಿಕರಿ ಕೂಡಿ ಬೆಂಕಿ ಆರಿಸುವವರಿಗೇ ತುರ್ತು ವೈದ್ಯಕೀಯ ಕಲಿಸಿದರು. ಲೆಕ್ಕ ಸರಳ. ಊರಿನ ಮೂಲೆಮೂಲೆಯಲ್ಲಿ ರಾತ್ರಿಯೆಲ್ಲ ಸಿದ್ಧರಾಗಿ ಕೂತವರು, ಬಂಡಿಯ ಟ್ಯಾಂಕು ತುಂಬಿಸಿಟ್ಟುಕೊಂಡವರು, ಅವರೇ ತಾನೇ?

ನಮ್ಮಲ್ಲೂ ಇಲಾಖೆಯ ಹೆಸರು ಅಗ್ನಿಶಾಮಕ ಮತ್ತು ತುರ್ತು ಸೇವೆಗಳು. ಹೆಸರಿನಲ್ಲಿ ಎರಡನ್ನೂ ಸೇರಿಸಿ ಬಂಡಿಯಲ್ಲಿ ಬೇರೆ ಇಟ್ಟಿದ್ದೇವೆ. ಮೊಳಕಾಲ್ಮೂರಿನಂಥ ದೂರದ ತಾಲ್ಲೂಕಿನಲ್ಲಿ ಠಾಣೆಯ ಬಂಡಿಗೇ ತರಬೇತಾದ ಒಬ್ಬ ಇಎಂಟಿ ಹತ್ತಿದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ 108ರಲ್ಲಿದ್ದಾನೆ. ಜಾಗಕ್ಕೆ ಹೋದ ಕೂಡಲೇ ಏನು ಮಾಡುತ್ತೀಯ ಎಂದು ಕೇಳಿದೆ.

“ಮೊದಲು ಸುತ್ತ ನೋಡ್ತೀವಿ ಸಾರ್. ಕರೆಂಟ್ ತಂತಿ ಬಿದ್ದಿದೆಯಾ, ಪೆಟ್ರೋಲ್ ಸೋರ್ತಿದೆಯಾ ಅಂತ. ಆಮೇಲೆ ಭುಜ ತಟ್ಟಿ ಕರೀತೀವಿ. ಅಣ್ಣಾ, ಅಣ್ಣಾ, ಕೇಳಿಸ್ತಿದೆಯಾ ಅಂತ.”

“ಅಣ್ಣ ಅಂತಲೇ ಯಾಕೋ?”

“ಹೆಸರು ಗೊತ್ತಿರಲ್ಲವಲ್ಲ ಸಾರ್. ವಯಸ್ಸು ನೋಡಿ ಅಜ್ಜ, ಅವ್ವ, ಅಕ್ಕ, ಪುಟ್ಟ, ಏನೋ ಒಂದು.”

ಅವನಿಗದು ದಿನದ ಕೆಲಸ. ನನಗೆ ಮಾತ್ರ ಆ ಕರೆ ಕಿವಿಯಲ್ಲಿ ನಿಂತುಬಿಟ್ಟಿತು. ರಸ್ತೆ ಬದಿ ಬಿದ್ದಿರುವ ಒಡಲಿನ ಮುಂದೆ ಮೊಣಕಾಲೂರಿ, ಒಳಗೆ ಯಾರಾದರೂ ಇದ್ದೀರಾ ಎಂದು ಕೇಳುವುದು, ಅದೂ ಸಂಬಂಧ ಹಚ್ಚಿ ಕೇಳುವುದು! ಉತ್ತರ ಬಾರದಿದ್ದರೆ, ಉಸಿರೂ ಇಲ್ಲದಿದ್ದರೆ, ಎದೆಯ ನಡುವೆ ಕೈಯೂರಿ ಒತ್ತುತ್ತಾರೆ, ನಿಮಿಷಕ್ಕೆ 100ರಿಂದ 120 ಸಲ, ಎರಡಿಂಚು ಆಳಕ್ಕೆ. ರಕ್ತ ನಿಂತ ನಾಲ್ಕಾರು ನಿಮಿಷದಲ್ಲಿ ಮೆದುಳು ಕೆಡಲು ಶುರುವಾಗುತ್ತದೆ. ಹೊರಗಿನವನ ಕೈ ಅಷ್ಟು ಹೊತ್ತು ಒಳಗಿನವನ ಹೃದಯವಾಗಬೇಕು.

ಹೆರಿಗೆಯ ಸುದ್ದಿ ಬಂದಾಗ ಅವನ ಮುಖ ಬೇರೆಯಾಯಿತು. ಹಟ್ಟಿಯಿಂದ ಹೊರಟ ಬಸುರಿ ಆಸ್ಪತ್ರೆ ಮುಟ್ಟುವ ಮೊದಲೇ ಬಂಡಿಯಲ್ಲಿ ಹೆರುವುದು ಈ ಕಡೆ ಅಪರೂಪವಲ್ಲ. “ನಾವೇನೂ ಮಾಡಲ್ಲ ಸಾರ್. ಕೈ ಚಾಚಿ ಹಿಡ್ಕೊಳ್ಳೋದು, ಒರೆಸೋದು, ತಾಯಿ ಎದೆ ಮೇಲೆ ಹಾಕೋದು. ಮಿಕ್ಕಿದ್ದೆಲ್ಲ ಅದೇ ಮಾಡ್ಕೊಳ್ಳುತ್ತೆ.”

ಅದೇ ಮಾಡಿಕೊಳ್ಳುವುದು ಎಂದರೆ ಏನು ಗೊತ್ತೆ? ಹೊಟ್ಟೆಯೊಳಗಿರುವಷ್ಟು ದಿನ ಕೂಸಿನ ಶ್ವಾಸಕೋಶದ ತುಂಬ ನೀರಿನಂಥ ದ್ರವ. ಆಗ ಉಸಿರಿನ ಕೆಲಸವೆಲ್ಲ ಮಾಸಿನದು. ಹೃದಯದ ಬಲ ಎಡ ಮೇಲ್ಕೋಣೆಗಳ ನಡುವೆ ಒಂದು ಕಂಡಿ ಇರುತ್ತದೆ, ರಕ್ತ ಶ್ವಾಸಕೋಶವನ್ನು ಬಳಸದೆ ಅಡ್ಡದಾರಿಯಲ್ಲಿ ಹೋಗಲೆಂದು. ಹೊರಗೆ ಬಂದು ಮೊದಲ ಉಸಿರೆಳೆದ ಗಳಿಗೆಯಲ್ಲಿ ಗಾಳಿ ದ್ರವವನ್ನು ಒಳಕ್ಕೆ ಹಿಂಗಿಸುತ್ತದೆ, ಮಡಿಸಿಟ್ಟ ಶ್ವಾಸಕೋಶ ಬಿಚ್ಚುತ್ತದೆ, ರಕ್ತ ಅಲ್ಲಿಗೆ ನುಗ್ಗುತ್ತದೆ, ಎಡಗಡೆಯ ಒತ್ತಡ ಏರಿ ಆ ಕಂಡಿಯ ಕದ ಮುಚ್ಚಿಕೊಳ್ಳುತ್ತದೆ. ನೀರಿನ ಜೀವ ಗಾಳಿಯ ಜೀವವಾಗುವುದು ಕೆಲವೇ ನಿಮಿಷಗಳ ವ್ಯವಹಾರ. ನಾಯಕನಹಟ್ಟಿ ರಸ್ತೆಯಲ್ಲಿ, ನಿಂತ ಆಂಬುಲೆನ್ಸಿನಲ್ಲಿ, ಟ್ಯೂಬ್‌ಲೈಟ್ ಬೆಳಕಿನಲ್ಲಿ. ನಡೆಸುವವರು ಯಾರೂ ಇಲ್ಲ. ಆ ಗೋಡೆಯೊಳಗೆ ಎಷ್ಟೋ ವರ್ಷ ದುಡಿದು ಸಾಧಿಸಿದ ತಾನೇ ಇಳಿಯುವ ವಿದ್ಯೆಯನ್ನು ಈ ಕೂಸು ಅಭ್ಯಾಸವಿಲ್ಲದೆ ಒಂದೇ ಸಲಕ್ಕೆ ಮಾಡಿ ಮುಗಿಸಿತು. ಎಲ್ಲ ಕೂಸುಗಳಿಗೂ ಅದು ಸಲೀಸಲ್ಲ. ಕೆಲವಕ್ಕೆ ಬೆನ್ನುಜ್ಜಬೇಕು, ಚೀಲ ಒತ್ತಿ ಗಾಳಿ ಕೊಡಬೇಕು. ಇಎಂಟಿ ಬೇಕಾಗುವುದು ಅಲ್ಲಿ.

ಹಾವಿನ ವಿಷಯದಲ್ಲೂ ಒಡಲಿಗೆ ಹೊರಗಿನವರ ನೆರವು ಬೇಕು. ಕಲ್ಲುಗುಡ್ಡ, ಕುರುಚಲು, ಶೇಂಗಾ ಹೊಲದ ಈ ಸೀಮೆಯಲ್ಲಿ ಹಾವು ಕಡಿಯುವುದು ಹೊಸದಲ್ಲ. ಮಂಡಲದ ಹಾವು ಕಡಿದವರ ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ತಿಳಿಯಲು ಆಸ್ಪತ್ರೆಯಲ್ಲಿ ಮಾಡುವ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಒಣಗಿದ ಶುದ್ಧ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ, 20 ನಿಮಿಷ ಅಲುಗಾಡಿಸದೆ ಇಡುವುದು, ಆಮೇಲೆ ಓರೆ ಮಾಡಿ ನೋಡುವುದು. ಗಟ್ಟಿಯಾಗಿದ್ದರೆ ಸಮಾಧಾನ, ಹರಿದರೆ ವಿಷ ಕೆಲಸ ಮಾಡಿದೆ. ಮದ್ದು ಬರುವ ದಾರಿ ನೋಡಿದರೆ ತಲೆ ತಿರುಗುತ್ತದೆ. ತಮಿಳುನಾಡಿನ ಇರುಳರು ಹಾವು ಹಿಡಿದು ವಿಷ ತೆಗೆಯುತ್ತಾರೆ. ಅದನ್ನು ಚೂರುಚೂರೇ ಕುದುರೆಗೆ ಕೊಡುತ್ತಾರೆ. ಕುದುರೆಯ ರಕ್ತ ಎದುರುಮದ್ದು ಕಟ್ಟುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ಒಂದೇ ಸೀಸೆ. ಚಳ್ಳಕೆರೆಯ ರೈತನ ನರಕ್ಕೆ ಅದು ಇಳಿಯುವಾಗ ಅವನು ಕಾಣದ ಇರುಳನೊಬ್ಬ, ಕಾಣದ ಕುದುರೆಯೊಂದು ಅವನ ಒಳಗೆ ಇಳಿದ ಹಾಗೆಯೇ.

ಜೀವಕ್ಕೆ ಜೀವ ಆಗುವ ಮಾತು ಈ ಸೀಮೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆ ಇರಲಿ, ನಿಜ ಹೇಳಿ ಎನ್ನುತ್ತದೆ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದೇನೆ ಎಂಬ ಅವನ ಮಾತು ಇರುವುದು ಗಿರ್ನಾರ್ ಮೊದಲಾದ ಕಡೆಯ ಬಂಡೆಗಳಲ್ಲಿ. ಈಗ ಮನುಷ್ಯರಿಗೆ 108, ದನಕುರಿಗಳಿಗೆ 1962. ದನಗಾಹಿಗಳ ಸೀಮೆಯಲ್ಲಿ ಎರಡನೆಯ ನಂಬರ್ ಕೂಡ ಬಾಯಿಪಾಠವಾಗಿರಬೇಕು.

ಒಡಲು ಆ ಕೂಸಿನ ಹಾಗೆ ತಾನೇ ನಡೆಯುವುದಾದರೆ, ಬೆರಗೆಲ್ಲ ಅದರದೇ, ಕಾಯುವವನದು ಏನೂ ಇಲ್ಲ ಎನ್ನಬಹುದು. ನಾನು ಒಪ್ಪುವುದಿಲ್ಲ. 2016ರ ಫೆಬ್ರುವರಿ 16ರಂದು ನೆಲಮಂಗಲದ ಬಳಿ ಲಾರಿಗೆ ಸಿಕ್ಕು ದೇಹ ತುಂಡಾದ ಹರೀಶ್ ನಂಜಪ್ಪ ಎಂಬ ಯುವಕ, ಪ್ರಾಣ ಹೋಗುವ ಮೊದಲು, ತನ್ನ ಅಂಗಾಂಗ ದಾನ ಮಾಡಿ ಎಂದ. ನೆರವಿಗೆ ಬಂದವರು ಅದನ್ನು ಕೇಳಿಸಿಕೊಂಡರು, ಕಣ್ಣು ದಾನವಾಯಿತು. ಅಪಘಾತದ ಗಾಯಾಳುಗಳ ಮೊದಲ 48 ಗಂಟೆಯ ಚಿಕಿತ್ಸೆಗೆ ಸರ್ಕಾರ ಆಮೇಲೆ ತಂದ ಸಾಂತ್ವನ ಯೋಜನೆಗೆ ಅವನದೇ ಹೆಸರು. ಯಾವ ರಕ್ತ, ಯಾವ ನರ ಆ ಮಾತನ್ನು ತಾನಾಗಿ ಆಡಿಸೀತು? ಹತ್ತಿರ ಬಂದು ಬಗ್ಗಿದ ಕಿವಿಯೊಂದು ಇಲ್ಲದಿದ್ದರೆ ಅದು ಯಾರಿಗೆ ತಲುಪುತ್ತಿತ್ತು? ಒಡಲೊಳಗೆ ನಡೆಸುವವರು ಇಲ್ಲದಿರಬಹುದು, ಒಬ್ಬರು ಇದ್ದಾರೆ. ಇಎಂಟಿ ಮೊಣಕಾಲೂರುವುದು ಅವರಿಗಾಗಿ. ಹೀಗೆ ಊರುವವರ ಸಂಬಳ ತಡವಾಯಿತೆಂಬ, ಮುಷ್ಕರವೆಂಬ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಬೆರಗುಪಟ್ಟರೆ ಅವರ ಮನೆಯ ರೇಷನ್ ಬರುವುದಿಲ್ಲ ಎಂಬುದನ್ನು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಓದುವವರಲ್ಲಿ ಒಂದು ಬಿನ್ನಹ. ಕಾವಲಿನ ಕಡೆ, ಬಳ್ಳಾರಿ ರಸ್ತೆಯಲ್ಲಿ, ಎಲ್ಲೇ ಆಗಲಿ, ಬಿದ್ದವರನ್ನು ಕಂಡರೆ ಗಾಡಿ ನಿಲ್ಲಿಸಿ. ನೆರವಾದವರನ್ನು ಪೊಲೀಸರು ಸಾಕ್ಷಿ ಹೇಳೆಂದು ಬಲವಂತ ಮಾಡುವಂತಿಲ್ಲ, ಹೆಸರು ಹೇಳೆಂದೂ ಒತ್ತಾಯಿಸುವಂತಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ನಿಮ್ಮ ಪರವಾಗಿದೆ. 108ಕ್ಕೆ ಕರೆ ಮಾಡಿದಾಗ ‘ಜಾಲಿಗಿಡದ ಹತ್ತಿರ’ ಎನ್ನಬೇಡಿ, ಇಲ್ಲಿ ಎಲ್ಲೆಲ್ಲೂ ಜಾಲಿಗಿಡವೇ. ಊರು, ಹೋಬಳಿ, ಹತ್ತಿರದ ಗೇಟು ಅಥವಾ ಗುಡಿ ಹೇಳಿ, ಫೋನ್ ಕೈಯಲ್ಲೇ ಇಟ್ಟುಕೊಳ್ಳಿ, ಡಾಂಬರು ರಸ್ತೆಗೆ ಒಬ್ಬರನ್ನು ಕಳಿಸಿ ನಿಲ್ಲಿಸಿ. ರಾತ್ರಿಯಾದರೆ ಅವರ ಕೈಗೊಂದು ಬ್ಯಾಟರಿ ಕೊಡಿ.