ಬುದ್ಧಿಗೆ ಕುಲವುಂಟೆ?

‘ಅವರ ಕುಲಕ್ಕೆ ಓದು ಹತ್ತದು’ ಎಂಬ ಮಾತು ಹೊಸಪೇಟೆಯ ಕಡೆ ಇಂದಿಗೂ ಕೇಳಿಬರುವುದುಂಟು. ಶರಣರು ಮುರಿದ ಕುಲದ ಅಳತೆಗೋಲು ಈಗ ‘ವಂಶವಾಹಿ’ ಎಂಬ ಹೊಸ ಹೆಸರಿನಿಂದ ಮರಳುತ್ತಿದೆ. ವಿಜ್ಞಾನವು ಹೇಳಿರುವುದಾದರೂ ಏನು? 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಯೂರೋಪು ಮೂಲದ ಸುಮಾರು 11 ಲಕ್ಷ ಜನರನ್ನು ಪರಿಶೀಲಿಸಿತು. ಅವರು ಓದಿದ ವರ್ಷಗಳ ವ್ಯತ್ಯಾಸದಲ್ಲಿ ಶೇಕಡಾ 11ರಿಂದ 13ರಷ್ಟು ಮಾತ್ರ ವಂಶವಾಹಿಗಳ ಲೆಕ್ಕಕ್ಕೆ ಸಿಕ್ಕಿತು. ಆಫ್ರಿಕಾ ಮೂಲದ ಅಮೆರಿಕನ್ನರಲ್ಲಿ ಆ ಲೆಕ್ಕವು ಬಹುಮಟ್ಟಿಗೆ ಸೋತಿತು. ಒಂದು ಜನಾಂಗದೊಳಗಣ ಇಂತಹ ಲೆಕ್ಕದಿಂದ ಎರಡು ಜನಾಂಗಗಳನ್ನು ತೂಗುವುದೆಂದರೆ, ಕಂಪ್ಲಿಯ ಗದ್ದೆಗೆ ಹರಿವ ತುಂಗಭದ್ರೆಯ ಕಾಲುವೆಯನ್ನು ಮರೆತು, ಸಂಡೂರಿನ ಬೆದ್ದಲಿನ ಬೀಜವನ್ನು ಹಳಿದಂತೆ.

ಈ ಊರುಗಳೆಲ್ಲ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯ ಸಾಕ್ಷರತೆ 2001ರಲ್ಲಿ ಶೇಕಡಾ 57; 2011ರಲ್ಲಿ 67. ಸಾಕ್ಷರತೆಯೇ ಬುದ್ಧಿಯಲ್ಲ, ನಿಜ. ಆದರೆ ಹತ್ತು ವರ್ಷಗಳಲ್ಲಿ ರಕ್ತವು ಬದಲಾಗದು. ಬದಲಾದುದು ಶಾಲೆ, ಅನ್ನ. 2002ರಲ್ಲಿ ಶಾಲೆಯ ಬಿಸಿಯೂಟ ರಾಜ್ಯದಲ್ಲಿ ಮೊದಲು ಬಂದುದು ಈ ಭಾಗದ ಜಿಲ್ಲೆಗಳಿಗೇ. ಅದಕ್ಕೆ ಅಕ್ಷರ ದಾಸೋಹವೆಂದು ಶರಣರ ಪದವನ್ನೇ ಇಟ್ಟರು.

ಮನೆಗೆಲಸದಾಕೆಯ ಮಗಳು ಗಣಿತದಲ್ಲಿ ತಪ್ಪಿದಾಗ ‘ಅದು ಅವರ ರಕ್ತದಲ್ಲೇ ಇಲ್ಲ’ ಎನ್ನುವ ಗೃಹಸ್ಥನು, ತನ್ನ ಮಗನು ತಪ್ಪಿದಾಗ ಮನೆಗೆ ಮೇಷ್ಟರನ್ನು ಕರೆಸುವುದೇಕೆ?